ಲೋಲಕವೂ ವಿಯೋಲವೂ

ಒಂದೇ ಕೃತಿ, ಎರಡು ಧ್ವನಿಮುದ್ರಿಕೆಗಳು. ಮೊದಲನೆಯದು ಹದಿನಾರು ನಿಮಿಷಗಳಲ್ಲಿ ಮುಗಿಯಿತು. ಎರಡನೆಯದಕ್ಕೆ ಹತ್ತೊಂಬತ್ತು ನಿಮಿಷ ಹಿಡಿಯಿತು. ಸ್ವರಗಳು ಅವೇ, ವಾದ್ಯ ಅದೇ, ಇಬ್ಬರು ವಾದಕರೂ ಎದುರಿಗಿಟ್ಟುಕೊಂಡ ಗ್ರಂಥವೂ ಒಂದೇ. ಆದರೂ ಮೊದಲನೆಯದನ್ನು ಕೇಳಿದಾಗ ನರ್ತನಶಾಲೆಯ ಬಾಗಿಲಿನಲ್ಲಿ ನಿಂತ ಅನುಭವವಾಯಿತು. ಎರಡನೆಯದನ್ನು ಕೇಳಿದಾಗ ಯಾರೋ ಒಬ್ಬರು ಮುಸ್ಸಂಜೆಯಲ್ಲಿ ತಮ್ಮಷ್ಟಕ್ಕೆ ತಾವೇ ಮಾತನಾಡಿಕೊಳ್ಳುತ್ತಿರುವಂತೆ ತೋರಿತು. ನನ್ನೊಡನೆ ಕುಳಿತು ಕೇಳುತ್ತಿದ್ದ, ವೀಣೆಯನ್ನು ಅಭ್ಯಾಸಮಾಡುತ್ತಿರುವ ವಿದ್ಯಾರ್ಥಿನಿಯೊಬ್ಬಳು ಪ್ರಶ್ನಿಸಿದಳು: "ಇವೆರಡರಲ್ಲಿ ಸರಿಯಾದ ಕಾಲಪ್ರಮಾಣ ಯಾವುದು? ನಮ್ಮಲ್ಲಾದರೆ ಗುರುಗಳನ್ನು ಕೇಳುತ್ತೇವೆ. ಅವರು ಯಾರನ್ನು ಕೇಳುತ್ತಾರೆ?"

ಪ್ರಶ್ನೆ ಸಣ್ಣದಾಗಿ ಕಂಡರೂ ಉತ್ತರ ಸಣ್ಣದಲ್ಲ. ಆ ಕೃತಿಯ ಕರ್ತೃ ತೀರಿಕೊಂಡು ಸುಮಾರು ಮುನ್ನೂರು ವರ್ಷಗಳಾದುವು. ಅವನ ಶಿಷ್ಯರೂ ಪ್ರಶಿಷ್ಯರೂ ಹೋದರು. ಅವನ ವಾದ್ಯವೇ ಒಂದು ಶತಮಾನಕ್ಕೆ ಸಮೀಪವಾದ ಕಾಲ ಬಳಕೆಯಿಂದ ಮರೆಯಾಗಿದ್ದಿತು. ಉಳಿದುಬಂದಿರುವುದು ತಾಮ್ರದ ಹಲಗೆಯಿಂದ ಅಚ್ಚಾದ ಕೆಲವು ಹಾಳೆಗಳು ಮಾತ್ರ. ಆ ಹಾಳೆಗಳಿಂದ ಒಂದು ಕೃತಿಯ ಗತಿಯನ್ನೂ ಶ್ರುತಿಯನ್ನೂ ಭಾವವನ್ನೂ ಮರಳಿ ಪಡೆಯಬಹುದೆ? ಪಡೆಯಬಹುದಾದರೆ ಎಷ್ಟರಮಟ್ಟಿಗೆ? ಇದು ಸಂಗೀತಗಾರರ ಪ್ರಶ್ನೆಯೆಂದು ಭೌತವಿಜ್ಞಾನದ ವಿದ್ಯಾರ್ಥಿ ಪಕ್ಕಕ್ಕೆ ಸರಿಯಬೇಕಾಗಿಲ್ಲ. ನಾವು ಪ್ರಯೋಗಶಾಲೆಯಲ್ಲಿ ದಾರಕ್ಕೆ ಗುಂಡನ್ನು ಕಟ್ಟಿ ತೂಗಿಬಿಡುವ ಸರಳ ಲೋಲಕ ಈ ಕಥೆಯಲ್ಲಿ ಒಂದು ಮುಖ್ಯ ಪಾತ್ರ.

ಕೃತಿ ಮತ್ತು ಕರ್ತೃ

ನಾವು ಕೇಳಿದ ಕೃತಿ ಫ್ರಾನ್ಸಿನ ಮಾರಿನ್ ಮಾರೇ ರಚಿಸಿದ 'ಫೋಲಿಯ'. ೧೭೦೧ರಲ್ಲಿ ಪ್ಯಾರಿಸಿನಲ್ಲಿ ಪ್ರಕಟವಾದ ಅವನ ಎರಡನೆಯ ವಿಯೋಲ ಗ್ರಂಥದಲ್ಲಿ ಅದು ಸೇರಿದೆ. ಮಾರೇ ೧೬೫೬ರಲ್ಲಿ ಪ್ಯಾರಿಸಿನ ಒಬ್ಬ ಪಾದರಕ್ಷೆ ಮಾಡುವವನ ಮಗನಾಗಿ ಹುಟ್ಟಿದ, ೧೬೭೯ರಲ್ಲಿ ಹದಿನಾಲ್ಕನೆಯ ಲೂಯಿ ದೊರೆಯ ಆಸ್ಥಾನದಲ್ಲಿ ವಿಯೋಲ ವಾದಕನಾಗಿ ನೇಮಕಗೊಂಡ, ೧೭೨೮ರಲ್ಲಿ ತೀರಿಕೊಂಡ. ಅವನು ಪ್ರಕಟಿಸಿದ ಐದು ಗ್ರಂಥಗಳಲ್ಲಿ ಸುಮಾರು ಆರುನೂರು ಕೃತಿಗಳಿವೆ. ಅವನ ಗುರು ಸೇಂತ್ ಕೊಲೊಂಬ್. ಶಿಷ್ಯನು ತನ್ನನ್ನು ಮೀರಿಸುವನೆಂದು ತೋರಿದಾಗ ಗುರು ಪಾಠವನ್ನು ನಿಲ್ಲಿಸಿದನೆಂದೂ, ಆಮೇಲೆ ಗುರುವು ತೋಟದ ಮರದ ಮೇಲಿನ ಪುಟ್ಟ ಮನೆಯಲ್ಲಿ ಕುಳಿತು ನುಡಿಸುವಾಗ ಮಾರೇ ಕೆಳಗೆ ಅಡಗಿ ಕೇಳುತ್ತಿದ್ದನೆಂದೂ ೧೭೩೨ರಲ್ಲಿ ತಿತೊಂ ದು ತಿಯ್ಯೇ ಎಂಬಾತ ಬರೆದಿದ್ದಾನೆ. ಕಥೆ ಎಷ್ಟು ನಿಜವೋ, ಅದರ ಅರ್ಥವಂತೂ ಸ್ಪಷ್ಟ: ಆ ಕಾಲದಲ್ಲಿ ವಿದ್ಯೆ ಕಾಗದದಲ್ಲಿರಲಿಲ್ಲ, ಕಿವಿಯಲ್ಲಿತ್ತು.

ವಿಯೋಲ ದ ಗಾಂಬ ಎಂದರೆ 'ಕಾಲಿನ ವಿಯೋಲ'. ಇಟಲಿಯ ಭಾಷೆಯಲ್ಲಿ ಗಾಂಬ ಎಂದರೆ ಕಾಲು. ವಾದಕನು ಕುಳಿತು ವಾದ್ಯವನ್ನು ಎರಡು ಕಾಲುಗಳ ನಡುವೆ ನಿಲ್ಲಿಸಿಕೊಳ್ಳುತ್ತಾನೆ. ನೋಟಕ್ಕೆ ಚೆಲ್ಲೋ ವಾದ್ಯದ ಹಾಗಿದ್ದರೂ ಇದರ ಕುಲ ಬೇರೆ. ನಮ್ಮ ವೀಣೆಗೆ ಇರುವಂತೆ ಇದಕ್ಕೂ ಮೆಟ್ಟಿಲುಗಳುಂಟು, ಆದರೆ ಅವು ಮೇಣದಲ್ಲಿ ಕೂರಿಸಿದ ಲೋಹದ ಮೆಟ್ಟಿಲುಗಳಲ್ಲ, ಕತ್ತಿನ ಸುತ್ತ ಕಟ್ಟಿದ ಕರುಳಿನ ತಂತಿಗಳು, ಸಾಮಾನ್ಯವಾಗಿ ಏಳು. ಬೇಕೆಂದರೆ ಅವನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಬಹುದು. ಕಮಾನನ್ನು ಅಂಗೈ ಮೇಲಾಗಿ ಹಿಡಿದು, ಅದರ ಕೂದಲನ್ನು ಬೆರಳಿನಿಂದಲೇ ಬಿಗಿ ಮಾಡುತ್ತ ಸಡಿಲಿಸುತ್ತ ನುಡಿಸುತ್ತಾರೆ. ನಾದ ಗಟ್ಟಿಯಲ್ಲ, ಆದರೆ ಕಮಾನು ತಂತಿಯನ್ನು ಬಿಟ್ಟ ಮೇಲೆಯೂ ವಾದ್ಯ ತುಸುಹೊತ್ತು ಮಿಡಿಯುತ್ತಿರುತ್ತದೆ.

ಫ್ರಾನ್ಸಿನ ವಿಯೋಲಕ್ಕೆ ಏಳು ತಂತಿ. ಏಳನೆಯ ಮಂದ್ರ ತಂತಿಯನ್ನು ಸೇರಿಸಿದವನೂ, ತಂತಿಗೆ ಬೆಳ್ಳಿಯ ಎಳೆ ಸುತ್ತುವ ಪದ್ಧತಿಯನ್ನು ಅಲ್ಲಿ ತಂದವನೂ ಸೇಂತ್ ಕೊಲೊಂಬನೇ ಎಂದು ಅವನ ಶಿಷ್ಯ ಜಾಂ ರೂಸೊ ೧೬೮೭ರಲ್ಲಿ ಬರೆದನು. ಈ ಸುತ್ತುವಿಕೆಯ ಗುಟ್ಟು ಭೌತವಿಜ್ಞಾನದ್ದು. ತಂತಿಯ ಕಂಪನಸಂಖ್ಯೆ ಅದರ ಉದ್ದಕ್ಕೆ ವಿಲೋಮವಾಗಿಯೂ, ಬಿಗಿತದ ವರ್ಗಮೂಲಕ್ಕೆ ಅನುಗುಣವಾಗಿಯೂ, ಏಕಮಾನ ಉದ್ದದ ದ್ರವ್ಯರಾಶಿಯ ವರ್ಗಮೂಲಕ್ಕೆ ವಿಲೋಮವಾಗಿಯೂ ಇರುತ್ತದೆ ಎಂಬುದು ಫ್ರಾನ್ಸಿನ ಪಾದ್ರಿ ಮೆರ್ಸೆನ್ ೧೬೩೬ರಲ್ಲಿ ಪ್ರಕಟಿಸಿದ ನಿಯಮ. ಮಂದ್ರ ಬೇಕಾದರೆ ತಂತಿ ಭಾರವಾಗಬೇಕು. ದಪ್ಪ ಕರುಳು ಭಾರವಾಗುವುದರೊಡನೆ ಬಾಗದಷ್ಟು ಗಡುಸೂ ಆಗಿ ನಾದ ಮಂಕಾಗುತ್ತದೆ. ತೆಳು ಕರುಳಿಗೆ ಲೋಹದ ಎಳೆ ಸುತ್ತಿದರೆ ಭಾರ ಬರುತ್ತದೆ, ಗಡುಸು ಬರುವುದಿಲ್ಲ.

'ಹುಚ್ಚು' ಎಂಬ ಹೆಸರಿನ ರಾಗಮಾಲೆಯಲ್ಲದ ಮಾಲೆ

ಫೋಲಿಯ ಎಂದರೆ ಹುಚ್ಚು. ಪೋರ್ಚುಗಲ್ ಮತ್ತು ಸ್ಪೇನ್ ದೇಶಗಳಲ್ಲಿ ಗದ್ದಲದಿಂದ, ವೇಗವಾಗಿ ಕುಣಿಯುತ್ತಿದ್ದ ಒಂದು ನೃತ್ಯಕ್ಕೆ ಆ ಹೆಸರಿತ್ತು. ಕುಣಿಯುವವರು ಮೈಮರೆಯುವಂತಿದ್ದುದರಿಂದ ಆ ಹೆಸರು ಬಂದಿತೆನ್ನುತ್ತಾರೆ. ಹದಿನೇಳನೆಯ ಶತಮಾನದಲ್ಲಿ ಅದು ಫ್ರಾನ್ಸಿಗೆ ಬಂದು ಗಂಭೀರವಾಯಿತು. ಗತಿ ನಿಧಾನವಾಯಿತು, ಮೂರು ಎಣಿಕೆಯ ಆವರ್ತದಲ್ಲಿ ಎರಡನೆಯ ಎಣಿಕೆಗೆ ಒತ್ತು ಬಿದ್ದಿತು. ಹದಿನಾರು ಆವರ್ತಗಳ ಒಂದು ಗೊತ್ತಾದ ಮಂದ್ರಪಂಕ್ತಿ ನೆಲೆಯಾಯಿತು. ಲೂಲಿ ೧೬೭೨ರಲ್ಲಿ ಇದನ್ನು ಬಳಸಿದನು; ಇಟಲಿಯ ಕೊರೆಲ್ಲಿ ೧೭೦೦ರಲ್ಲಿ ಪಿಟೀಲಿಗಾಗಿ ಇದರ ಮೇಲೆ ಪ್ರಸಿದ್ಧವಾದ ಕೃತಿಯನ್ನು ಪ್ರಕಟಿಸಿದನು; ಮರುವರ್ಷ ಮಾರೇಯ ಕೃತಿ ಬಂದಿತು.

ಮಾರೇ ಆ ಹದಿನಾರು ಆವರ್ತಗಳನ್ನು ಮೂವತ್ತೆರಡು ಸಲ ಬೇರೆಬೇರೆ ರೂಪದಲ್ಲಿ ಹೇಳುತ್ತಾನೆ. ಪ್ರತಿಯೊಂದು ರೂಪಕ್ಕೂ 'ಕೂಪ್ಲೆ' ಎಂದು ಹೆಸರು. ಕೆಳಗಿನ ಮಂದ್ರಪಂಕ್ತಿ ಬದಲಾಗದು, ಮೇಲಿನದೆಲ್ಲವೂ ಬದಲಾಗುತ್ತದೆ. ಒಂದು ಕೂಪ್ಲೆಯಲ್ಲಿ ಉದ್ದವಾದ ಸ್ವರಗಳು ಮೆಲ್ಲನೆ ನಡೆದರೆ, ಮತ್ತೊಂದರಲ್ಲಿ ಒಂದು ಎಣಿಕೆಗೆ ನಾಲ್ಕರಂತೆ ಸ್ವರಗಳು ಓಡುತ್ತವೆ. ಇನ್ನೊಂದರಲ್ಲಿ ಹಲವು ತಂತಿಗಳು ಕೂಡಿ ಮೊಳಗುತ್ತವೆ.

ಇದು ವಿಜ್ಞಾನದ ವಿದ್ಯಾರ್ಥಿಗೆ ಪರಿಚಿತವಾದ ಏರ್ಪಾಡಲ್ಲವೆ? ಅನೇಕ ಅಂಶಗಳಲ್ಲಿ ಕೆಲವನ್ನು ಸ್ಥಿರವಾಗಿಟ್ಟು, ಉಳಿದುದನ್ನು ಬದಲಿಸಿ, ಫಲವನ್ನು ಗಮನಿಸುವುದೇ ಪ್ರಯೋಗ. ಇಲ್ಲಿ ಆಧಾರಸ್ವರ ಸ್ಥಿರ, ಮಂದ್ರಪಂಕ್ತಿ ಸ್ಥಿರ. ನಡೆ ಮಾತ್ರ ಚರ. ಮೂವತ್ತೆರಡು ಸಲ ಆವರ್ತಿಸಿದ ಈ ಪ್ರಯೋಗದ ಫಲವನ್ನು ಕಿವಿಯುಳ್ಳವರು ಯಾರೂ ಹೇಳಬಲ್ಲರು: ಭಾವ ಒಂದೇ ಆಗಿ ಉಳಿಯುವುದಿಲ್ಲ.

ಭಾವ 'ಕೀ'ಯಲ್ಲಿದೆಯೆ?

ಈ ಕೃತಿಯ 'ಕೀ' ಡಿ ಮೈನರ್. ಎಂದರೆ 'ಡಿ' ಎಂಬ ಸ್ವರ ಆಧಾರ ಷಡ್ಜ. ಅದರ ಮೇಲಿನ ಗಾಂಧಾರ ಕೋಮಲ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಸ್ವರಗಳು ನಟಭೈರವಿ ಮೇಳದವು. ಕಾಕಲಿ ನಿಷಾದ ಬಂದ ಕಡೆಗಳಲ್ಲಿ ಕೀರವಾಣಿಯವು. ಹೋಲಿಕೆ ಸ್ವರಸ್ಥಾನಗಳಿಗೆ ಮಾತ್ರ ಸಲ್ಲುತ್ತದೆ. ರಾಗದ ಸಂಚಾರವನ್ನಾಗಲಿ ಗಮಕವನ್ನಾಗಲಿ ಅಲ್ಲಿ ಹುಡುಕಬಾರದು.

ಆ ಕಾಲದ ಫ್ರಾನ್ಸಿನಲ್ಲಿ ಪ್ರತಿಯೊಂದು ಕೀಗೂ ಒಂದೊಂದು ಭಾವವನ್ನು ಹೇಳುವ ವಾಡಿಕೆಯಿತ್ತು. ಶಾರ್ಪಾಂತಿಯೇ ಎಂಬ ಸಂಗೀತಕಾರನು ಸುಮಾರು ೧೬೯೦ರಲ್ಲಿ ಬರೆದ ಪಟ್ಟಿಯಲ್ಲಿ ಡಿ ಮೈನರ್ ಗಂಭೀರ ಮತ್ತು ಭಕ್ತಿಪೂರ್ಣ. ಸಿ ಮೈನರ್ ಕತ್ತಲೆಯದು ಮತ್ತು ದುಃಖದ್ದು. ಡಿ ಮೇಜರ್ ಹರ್ಷದ್ದು ಮತ್ತು ಯುದ್ಧೋತ್ಸಾಹದ್ದು. ೧೭೨೨ರಲ್ಲಿ ರಾಮೋ ಬರೆದ ಗ್ರಂಥದಲ್ಲಾದರೋ ಡಿ ಮೈನರ್ ಮಾಧುರ್ಯಕ್ಕೂ ಕೋಮಲತೆಗೂ ಒಪ್ಪುವಂಥದು. ಇಬ್ಬರು ಪ್ರಾಜ್ಞರು ಒಂದೇ ದೇಶದಲ್ಲಿ ಮೂವತ್ತು ವರ್ಷಗಳ ಅಂತರದಲ್ಲಿ ಬರೆದರೂ ಪಟ್ಟಿಗಳು ಹೊಂದುವುದಿಲ್ಲ. ಮಾಪನಗಳು ಹೀಗೆ ಹೊಂದದಿದ್ದಾಗ ಅಳೆಯುತ್ತಿರುವ ವಸ್ತು ಯಾವುದೆಂದು ಮೊದಲು ವಿಚಾರಿಸಬೇಕು.

ಕೀಯ ಭಾವ ಕಂಪನಸಂಖ್ಯೆಯಲ್ಲಿ ಅಡಗಿದೆ ಎಂದು ಊಹಿಸೋಣ. ಇಂದು 'ಎ' ಸ್ವರದ ಅಂಗೀಕೃತ ಕಂಪನಸಂಖ್ಯೆ ಸೆಕೆಂಡಿಗೆ ೪೪೦. ಇದು ೧೯೩೯ರಲ್ಲಿ ಲಂಡನ್ನಿನಲ್ಲಿ ನಡೆದ ಸಮ್ಮೇಳನದಲ್ಲಿ ನಿರ್ಧಾರವಾದದ್ದು. ಮಾರೇಯ ಕಾಲದಲ್ಲಿ ಇಂಥ ಒಪ್ಪಂದವಿರಲಿಲ್ಲ. ಊರೂರಿಗೆ ಶ್ರುತಿ ಬೇರೆ. ಫ್ರಾನ್ಸಿನ ಹಳೆಯ ಸಂಗೀತವನ್ನು ಇಂದು ನುಡಿಸುವವರು, ಆಗಿನ ವಾದ್ಯಗಳ ಆಧಾರದಿಂದ, 'ಎ' ಸ್ವರವನ್ನು ಸಾಮಾನ್ಯವಾಗಿ ೩೯೨ಕ್ಕೆ ಇಳಿಸಿಕೊಳ್ಳುತ್ತಾರೆ. ಇದು ಪೂರ್ತಿ ಒಂದು ಸ್ವರದಷ್ಟು ಇಳಿತ. ಆಗ ಮಾರೇಯ ಮೇಲಿನ 'ಡಿ' ತಂತಿ ಸೆಕೆಂಡಿಗೆ ಸುಮಾರು ೨೬೨ ಸಲ ಕಂಪಿಸುತ್ತದೆ. ಇಂದಿನ ಪಿಯಾನೋದಲ್ಲಿ ಅದೇ ಕಂಪನಸಂಖ್ಯೆಯ ಸ್ವರಕ್ಕೆ 'ಸಿ' ಎಂದು ಹೆಸರು! ಎಂದರೆ ಅಂದಿನ ಡಿ ಮೈನರ್ ಇಂದಿನ ಕಿವಿಗೆ ಸಿ ಮೈನರ್. ಭಾವ ಕಂಪನಸಂಖ್ಯೆಯಲ್ಲೇ ಇದ್ದುದಾದರೆ, 'ಗಂಭೀರ ಮತ್ತು ಭಕ್ತಿಪೂರ್ಣ'ವಾದ ಕೃತಿ ಪಕ್ಕದ ಕೊಠಡಿಯ ಪಿಯಾನೋದ ಲೆಕ್ಕದಲ್ಲಿ 'ಕತ್ತಲೆಯದು ಮತ್ತು ದುಃಖದ್ದು' ಆಗಬೇಕಾಗುತ್ತದೆ. ಇದು ಹಾಸ್ಯಾಸ್ಪದ. ನಮ್ಮಲ್ಲಿಯೂ ಗಾಯಕರು ಒಂದು ಮನೆ ಶ್ರುತಿಗೆ, ಗಾಯಕಿಯರು ಐದು ಮನೆ ಶ್ರುತಿಗೆ ಅದೇ ರಾಗವನ್ನು ಹಾಡಿದರೆ ರಾಗದ ಭಾವ ಕೆಡುವುದಿಲ್ಲ.

ಹಾಗಾದರೆ ಕೀಗೆ ಅರ್ಥವೇ ಇಲ್ಲವೆ? ಇದೆ, ಆದರೆ ಅದು ಇರುವುದು ವಾದ್ಯದ ಮೈಯಲ್ಲಿ. ವಿಯೋಲದ ಏಳು ತಂತಿಗಳನ್ನು ಕೆಳಗಿನಿಂದ ಎ, ಡಿ, ಜಿ, ಸಿ, ಇ, ಎ, ಡಿ ಎಂದು ಶ್ರುತಿಮಾಡುತ್ತಾರೆ. ಏಳರಲ್ಲಿ ಎರಡು ತಂತಿ ಷಡ್ಜ, ಎರಡು ತಂತಿ ಪಂಚಮ! ೩೯೨ರ ಶ್ರುತಿಯಲ್ಲಿ ಕೆಳಗಿನ 'ಎ' ತಂತಿಯ ಕಂಪನಸಂಖ್ಯೆ ೪೯. ಕೆಳಗಿನ 'ಡಿ' ತಂತಿಯದು ಸುಮಾರು ೬೫.೪. ತಂತಿಯೊಂದು ತನ್ನ ಮೂಲ ಕಂಪನಸಂಖ್ಯೆಯ ಎರಡು, ಮೂರು, ನಾಲ್ಕು ಪಟ್ಟುಗಳಲ್ಲಿಯೂ ಕಂಪಿಸಬಲ್ಲದು. ೬೫.೪ರ ನಾಲ್ಕು ಪಟ್ಟು ೨೬೧.೬, ಅದೇ ಮೇಲಿನ 'ಡಿ'. ೬೫.೪ರ ಮೂರು ಪಟ್ಟು ೧೯೬.೨, ೪೯ರ ನಾಲ್ಕು ಪಟ್ಟು ೧೯೬, ಎರಡೂ ಮೇಲಿನ 'ಎ' ತಂತಿಯ ಬಳಿಗೇ ಬರುತ್ತವೆ. ಆದ್ದರಿಂದ ವಾದಕನು ಮೇಲೆ ಷಡ್ಜವನ್ನೋ ಪಂಚಮವನ್ನೋ ನುಡಿಸಿದಾಗ ಕೆಳಗಿನ ತಂತಿಗಳು ಯಾರೂ ಮುಟ್ಟದೆಯೇ ಅನುರಣಿಸುತ್ತವೆ. ಡಿ ಮೈನರಿನಲ್ಲಿ ಇಡೀ ವಾದ್ಯ ತೆರೆದ ಕಂಠದಿಂದ ಹಾಡುತ್ತದೆ. ಇದಕ್ಕೆ ಪ್ರತಿಯಾಗಿ, ಎಫ್ ಶಾರ್ಪ್ ಮೈನರಿನ ಷಡ್ಜಕ್ಕಾಗಲಿ ಪಂಚಮಕ್ಕಾಗಲಿ ತೆರೆದ ತಂತಿಯಿಲ್ಲ. ಮಾರೇ ತನ್ನ ನಾಲ್ಕನೆಯ ಗ್ರಂಥದಲ್ಲಿ 'ಬಾದಿನಾಜ್' ಎಂಬ ಕೃತಿಯನ್ನು ಆ ಕೀಯಲ್ಲಿ ರಚಿಸಿದ್ದಾನೆ. ಅದನ್ನು ಕೇಳಿದರೆ ನಾದ ತೆಳುಪರದೆಯ ಹಿಂದಿನಿಂದ ಬಂದಂತಿರುತ್ತದೆ.

ಹೀಗೆ ಕೀಯಿಂದ ಬರುವುದು ನಾದದ ಬಣ್ಣ. ಭಾವಕ್ಕೆ ಅದು ನೆಲೆಗಟ್ಟು, ಪೂರ್ತಿ ಕಟ್ಟಡವಲ್ಲ. ಆಧಾರ ಬದಲಾಗದ ಮೂವತ್ತೆರಡು ಕೂಪ್ಲೆಗಳಲ್ಲಿ ಭಾವ ಬದಲಾಗುತ್ತದೆಯೆಂಬುದೇ ಇದಕ್ಕೆ ಸಾಕ್ಷಿ.

ಗತಿಯ ಪಾಲು

೧೯೩೦ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಕೇಟ್ ಹೆವ್ನರ್ ಈ ವಿಷಯವನ್ನು ಪ್ರಯೋಗಕ್ಕೆ ಒಳಪಡಿಸಿದಳು. ಕೆಲವು ಸಂಗೀತಖಂಡಗಳನ್ನು ಆರಿಸಿ, ಒಂದೊಂದರಲ್ಲಿಯೂ ಒಂದು ಅಂಶವನ್ನು ಮಾತ್ರ ಬದಲಿಸಿ ನುಡಿಸಿದರು: ಒಮ್ಮೆ ವೇಗವಾಗಿ, ಒಮ್ಮೆ ನಿಧಾನವಾಗಿ, ಒಮ್ಮೆ ತಾರದಲ್ಲಿ, ಒಮ್ಮೆ ಮಂದ್ರದಲ್ಲಿ, ಒಮ್ಮೆ ಮೇಜರಿನಲ್ಲಿ, ಒಮ್ಮೆ ಮೈನರಿನಲ್ಲಿ. ಕೇಳುವವರು ಎಂಟು ಗುಂಪುಗಳಾಗಿ ಜೋಡಿಸಿದ ವಿಶೇಷಣಗಳಲ್ಲಿ ತಮಗೆ ಒಪ್ಪಿದುದನ್ನು ಗುರುತುಮಾಡಬೇಕು. ಭಾವವನ್ನು ಬದಲಿಸುವುದರಲ್ಲಿ ಗತಿಯ ಪ್ರಭಾವವೇ ಎಲ್ಲಕ್ಕಿಂತ ದೊಡ್ಡದೆಂದು ಕಂಡುಬಂದಿತು. ಮೇಜರ್-ಮೈನರ್ ಭೇದವೂ ಸ್ಥಾಯಿಯೂ ಅದಕ್ಕೆ ಸಹಾಯಕಗಳು.

ಫೋಲಿಯದ ಇತಿಹಾಸವೂ ಇದನ್ನೇ ಹೇಳುತ್ತದೆ. ವೇಗದಲ್ಲಿ ಕುಣಿದಾಗ ಹುಚ್ಚು, ನಿಧಾನಿಸಿದಾಗ ಗಾಂಭೀರ್ಯ.

ಇಲ್ಲಿಯೇ ಒಂದು ವಿಷಾದದ ಸಂಗತಿ. ಮಾರೇ ಬರೆದಿಡುವುದರಲ್ಲಿ ಜಿಪುಣನಲ್ಲ. ಯಾವ ಬೆರಳು, ಕಮಾನು ಯಾವ ದಿಕ್ಕಿಗೆ, ಎಲ್ಲಿ ಸ್ವರವನ್ನು ಕಂಪಿಸಬೇಕು, ಎಲ್ಲಿ ಅದನ್ನು ನರಳಿಸಬೇಕು - ಎಲ್ಲಕ್ಕೂ ಚಿಹ್ನೆಗಳನ್ನು ಏರ್ಪಡಿಸಿದ್ದಾನೆ. ಒಂದು ಸ್ವರದ ನಡುವೆ ನಾದವನ್ನು ಉಬ್ಬಿಸಬೇಕಾದ ಕಡೆಗಳನ್ನೂ ಮುಂದಿನ ಗ್ರಂಥಗಳಲ್ಲಿ ಒಂದು ಅಕ್ಷರದಿಂದ ಸೂಚಿಸಿದ್ದಾನೆ. ಇಷ್ಟೆಲ್ಲ ಬರೆದವನು, ಭಾವಕ್ಕೆ ಎಲ್ಲಕ್ಕಿಂತ ಮುಖ್ಯವಾದ ಗತಿಯನ್ನು ಸಂಖ್ಯೆಯಲ್ಲಿ ಬರೆಯಲಿಲ್ಲ. 'ನಿಧಾನವಾಗಿ', 'ಹಗುರವಾಗಿ' ಎಂಬಂಥ ಮಾತುಗಳು ಅಲ್ಲಲ್ಲಿ ಉಂಟು. ನಿಧಾನವೆಂದರೆ ಎಷ್ಟು ನಿಧಾನ? ಅವನ ಶಿಷ್ಯರಿಗೆ ಅದನ್ನು ಹೇಳಬೇಕಾಗಿರಲಿಲ್ಲ.

ಅದೇ ಊರು, ಅದೇ ವರ್ಷ

ಸಂಖ್ಯೆಯಲ್ಲಿ ಬರೆಯುವ ಉಪಾಯ ಆಗ ಇರಲಿಲ್ಲವೆಂದಲ್ಲ. ೧೬೯೬ರಲ್ಲಿ ಪ್ಯಾರಿಸಿನ ಸಂಗೀತಶಿಕ್ಷಕ ಲೂಲಿಯೇ ಒಂದು 'ಕ್ರೊನೊಮೀಟರ್' ಅನ್ನು ವರ್ಣಿಸಿದನು. ಆರಡಿಯಷ್ಟು ಎತ್ತರದ ಒಂದು ಹಲಗೆ. ಅದರಲ್ಲಿ ಅಂಗುಲಕ್ಕೊಂದರಂತೆ ರಂಧ್ರಗಳು. ದಾರದ ತುದಿಯಲ್ಲಿ ತೂಗುವ ಗುಂಡು. ಬೇಕಾದ ರಂಧ್ರಕ್ಕೆ ಗೂಟವನ್ನು ಸಿಕ್ಕಿಸಿದರೆ ಲೋಲಕದ ಉದ್ದ ಬದಲಾಗಿ ತೂಗಿನ ವೇಗ ಬದಲಾಗುತ್ತದೆ. ಕೃತಿಯ ಮೇಲೆ ರಂಧ್ರದ ಸಂಖ್ಯೆಯನ್ನು ಬರೆದುಬಿಟ್ಟರೆ ಎಲ್ಲಿಯಾದರೂ ಯಾರಾದರೂ ಅದೇ ಗತಿಯನ್ನು ಪಡೆಯಬಹುದು.

ಈ ಉಪಕರಣವನ್ನು ವಿಮರ್ಶಿಸಿದವನು ಜೋಸೆಫ್ ಸೊವರ್ ಎಂಬ ಗಣಿತಜ್ಞ. ಏಳು ವರ್ಷ ವಯಸ್ಸಿನವರೆಗೆ ಅವನಿಗೆ ಮಾತು ಬರಲಿಲ್ಲ; ಸಂಗೀತದ ಕಿವಿಯೂ ಅಷ್ಟಕ್ಕಷ್ಟೆ. ಅಂಥವನು ೧೭೦೧ರಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಮುಂದೆ ಶಬ್ದದ ಶಾಸ್ತ್ರವನ್ನೇ ಹೊಸದಾಗಿ ಮಂಡಿಸಿ ಅದಕ್ಕೆ 'ಅಕೂಸ್ಟಿಕ್ಸ್' ಎಂಬ ಹೆಸರಿಟ್ಟನು. ಎರಡು ಆರ್ಗನ್ ಕೊಳವೆಗಳ ವಿಸ್ಪಂದನಗಳನ್ನು ಎಣಿಸಿ ಕಂಪನಸಂಖ್ಯೆಯನ್ನು ಕಂಡುಹಿಡಿಯುವ ಜಾಣ ಉಪಾಯವೂ ಅವನದೇ. ಕೊಳವೆಗಳ ಕಂಪನಸಂಖ್ಯೆಗಳು ೨೪ಕ್ಕೆ ೨೫ರ ಪ್ರಮಾಣದಲ್ಲಿದ್ದು ಸೆಕೆಂಡಿಗೆ ನಾಲ್ಕು ವಿಸ್ಪಂದನಗಳು ಕೇಳಿದರೆ, ಅವು ೯೬ ಮತ್ತು ೧೦೦ ಆಗಲೇಬೇಕಲ್ಲವೆ? ಮಾರೇಯ ಎರಡನೆಯ ಗ್ರಂಥ ಹೊರಬಂದುದೂ ಅದೇ ಊರಿನಲ್ಲಿ, ಅದೇ ೧೭೦೧ರಲ್ಲಿ.

ಲೂಲಿಯೇಯ ಉಪಕರಣದಲ್ಲಿ ಸೊವರ್ ಕಂಡ ದೋಷವೇನು? ಅದರ ವಿಭಾಗಗಳು ಅಂಗುಲಗಳು, ಕಾಲದ ಅಂಶಗಳಲ್ಲ. ಲೋಲಕದ ಕಾಲ ಉದ್ದದ ವರ್ಗಮೂಲಕ್ಕೆ ಅನುಗುಣ. ಉದ್ದವನ್ನು ನಾಲ್ಕು ಪಟ್ಟು ಮಾಡಿದರೆ ಕಾಲ ಎರಡು ಪಟ್ಟಾಗುತ್ತದೆ. ಆದ್ದರಿಂದ ಹತ್ತನೆಯ ರಂಧ್ರದಿಂದ ಹನ್ನೊಂದಕ್ಕೆ ಹೋದಾಗ ಆಗುವ ವ್ಯತ್ಯಾಸವೂ ಅರವತ್ತರಿಂದ ಅರವತ್ತೊಂದಕ್ಕೆ ಹೋದಾಗ ಆಗುವ ವ್ಯತ್ಯಾಸವೂ ಒಂದೇ ಅಲ್ಲ. ಸೊವರ್ ಸೆಕೆಂಡಿನ ಅರವತ್ತನೆಯ ಒಂದು ಭಾಗವನ್ನು ಮಾನವಾಗಿಟ್ಟುಕೊಂಡು ಕಾಲಕ್ಕೇ ಗುರುತು ಹಾಕಿದ ಲೋಲಕವನ್ನು ಸೂಚಿಸಿದನು. ೧೭೦೫ರಲ್ಲಿ ಲಾಫಿಲಾರ್ ಎಂಬ ಗಾಯಕನು ಇದನ್ನು ಅನುಸರಿಸಿ, ತನ್ನ ಪಾಠಪುಸ್ತಕದಲ್ಲಿ ನೃತ್ಯಗೀತಗಳಿಗೆ ಗತಿಯ ಸಂಖ್ಯೆಗಳನ್ನು ಅಚ್ಚುಹಾಕಿಸಿದನು.

ಸಮಸ್ಯೆ ತೀರಿತೆಂದುಕೊಂಡೆವೆ? ಇಲ್ಲ. ಲೋಲಕದ ಒಂದು 'ಕಂಪನ'ವೆಂದರೆ ಈ ತುದಿಯಿಂದ ಆ ತುದಿಗೆ ಹೋಗುವುದೋ, ಹೋಗಿ ಮರಳುವುದೋ? ಆಗಿನ ಫ್ರಾನ್ಸಿನಲ್ಲಿ ಹೋಗುವುದನ್ನೇ ಒಂದು ಎಣಿಸುವುದು ವಾಡಿಕೆ. ಆದರೂ ಲಾಫಿಲಾರನ ಕೆಲವು ಸಂಖ್ಯೆಗಳನ್ನು ಹಾಗೆ ಓದಿದರೆ ನೃತ್ಯಗಳು ನಂಬಲಾಗದಷ್ಟು ವೇಗವಾಗುತ್ತವೆಂದು ಇಪ್ಪತ್ತನೆಯ ಶತಮಾನದ ಕೆಲವು ವಿದ್ವಾಂಸರು ವಾದಿಸಿ, ಹೋಗಿ ಮರಳುವುದನ್ನೇ ಒಂದು ಎಂದು ಎಣಿಸಬೇಕೆಂದರು. ಇತರರು ಒಪ್ಪಲಿಲ್ಲ. ವ್ಯತ್ಯಾಸ ಅಲ್ಪಸ್ವಲ್ಪವಲ್ಲ, ಎರಡು ಪಟ್ಟು! ಪ್ರಯೋಗದ ಪುಸ್ತಕದಲ್ಲಿ 'ಇಪ್ಪತ್ತು ಆಂದೋಲನಗಳು' ಎಂದು ಬರೆಯುವಾಗ ಆಂದೋಲನವೆಂದರೇನೆಂದು ಮೊದಲು ಬರೆಯಿರಿ ಎಂದು ನಾನು ವಿದ್ಯಾರ್ಥಿಗಳನ್ನು ಪೀಡಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಸಮರ್ಥನೆ ನನಗೆ ದೊರೆತಿಲ್ಲ.

ಲೆಕ್ಕ ಮಾಡಿ ನೋಡೋಣ

ಈಗ ನಮ್ಮ ಕೃತಿಗೆ ಬರೋಣ. ಒಂದು ಕೂಪ್ಲೆಗೆ ಹದಿನಾರು ಆವರ್ತ, ಆವರ್ತಕ್ಕೆ ಮೂರು ಎಣಿಕೆ, ಒಟ್ಟು ೪೮. ಮೂವತ್ತೆರಡು ಕೂಪ್ಲೆಗಳಿಗೆ ೧,೫೩೬ ಎಣಿಕೆ. ಎಲ್ಲವನ್ನೂ ಒಂದೇ ಗತಿಯಲ್ಲಿ ನುಡಿಸುವರೆಂದು ಇಟ್ಟುಕೊಂಡರೆ, ನಿಮಿಷಕ್ಕೆ ೬೦ ಎಣಿಕೆಯಂತೆ ೨೫ ನಿಮಿಷ ೩೬ ಸೆಕೆಂಡು. ೮೦ರಂತೆ ೧೯ ನಿಮಿಷ ೧೨ ಸೆಕೆಂಡು. ೯೬ರಂತೆ ಸರಿಯಾಗಿ ೧೬ ನಿಮಿಷ. ೧೨೦ರಂತೆ ೧೨ ನಿಮಿಷ ೪೮ ಸೆಕೆಂಡು. ನಾವು ಕೇಳಿದ ಎರಡು ಧ್ವನಿಮುದ್ರಿಕೆಗಳ ಸರಾಸರಿ ಗತಿ ೯೬ ಮತ್ತು ೮೦ರ ಸುತ್ತಮುತ್ತ ಎಂದಾಯಿತು.

ಇದಕ್ಕೆ ಮೇಲಿನ ಎಲ್ಲೆಯನ್ನು ತಂತಿಯೇ ಹಾಕುತ್ತದೆ. ಕಮಾನು ತಗಲಿದ ಕೂಡಲೆ ತಂತಿ ಕ್ರಮವಾದ ಕಂಪನಕ್ಕೆ ಬರುವುದಿಲ್ಲ. ಕೆಲವು ಆವರ್ತನೆಗಳು ಗೊರಗೊರ ಸದ್ದಿನಲ್ಲಿ ಕಳೆದ ಮೇಲೆ ನಾದ ನೆಲೆಗೊಳ್ಳುತ್ತದೆ. ನಿಮಿಷಕ್ಕೆ ೯೬ ಎಣಿಕೆ, ಎಣಿಕೆಗೆ ನಾಲ್ಕು ಸ್ವರ ಎಂದರೆ ಒಂದು ಸ್ವರಕ್ಕೆ ದೊರೆಯುವ ಕಾಲ ೦.೧೫೬ ಸೆಕೆಂಡು. ಅಷ್ಟರಲ್ಲಿ ಕೆಳಗಿನ 'ಡಿ' ತಂತಿ ಹತ್ತು ಸಲ ಕಂಪಿಸಬಲ್ಲದು. ನಿಮಿಷಕ್ಕೆ ೧೬೦ ಎಣಿಕೆಯಾದರೆ ಆರೇ ಸಲ; ಎಲ್ಲಕ್ಕಿಂತ ಕೆಳಗಿನ 'ಎ' ತಂತಿಯಾದರೆ ಐದು ಸಲವೂ ಇಲ್ಲ. ಸ್ವರ ಹುಟ್ಟುವ ಮೊದಲೇ ಸಾಯುತ್ತದೆ. ಕೆಳಗಿನ ಎಲ್ಲೆಯನ್ನು ಮನಸ್ಸು ಹಾಕುತ್ತದೆ. ಎರಡು ಎಣಿಕೆಗಳ ನಡುವೆ ಎರಡು ಸೆಕೆಂಡುಗಳಷ್ಟು ಬಿಡುವಾದರೆ ಕಿವಿ ಅವನ್ನು ಒಂದು ತಾಳವಾಗಿ ಹೆಣೆಯಲಾರದು. ಈ ಎರಡು ಎಲ್ಲೆಗಳ ನಡುವೆ, ಎರಡನೆಯ ಎಣಿಕೆಗೆ ಒತ್ತು ಬೀಳುವ ಗಂಭೀರ ನೃತ್ಯ ಇದೆಂಬ ನೆನಪು ಇನ್ನಷ್ಟು ಇಕ್ಕಟ್ಟು ಮಾಡುತ್ತದೆ.

ಹೀಗೆ ನಮಗೆ ದೊರೆಯುವುದು ಒಂದು ಸಂಖ್ಯೆಯಲ್ಲ, ಒಂದು ವ್ಯಾಪ್ತಿ. ಎರಡು ಧ್ವನಿಮುದ್ರಿಕೆಗಳೂ ಅದರೊಳಗೇ ಇವೆ. ಇದನ್ನು ಸೋಲೆಂದು ಭಾವಿಸಬೇಕಾಗಿಲ್ಲ. ಯಾವ ಮಾಪನವೂ ದೋಷವ್ಯಾಪ್ತಿಯಿಲ್ಲದೆ ಬರುವುದಿಲ್ಲ. ಅಲ್ಲದೆ ಮಾರೇಯ ಸಮಕಾಲೀನನಾದ ಕೂಪೆರಾಂ ೧೭೧೭ರಲ್ಲಿ ತಾಳವನ್ನೂ ಅದರ ಚೈತನ್ಯವನ್ನೂ ಬೇರ್ಪಡಿಸಿ ಹೇಳಿದ್ದಾನೆ: ಎಣಿಕೆಗಳ ಸಂಖ್ಯೆ ಮತ್ತು ಸಮತೆ ಒಂದು, ಅದರೊಳಗೆ ತುಂಬಬೇಕಾದ ಪ್ರಾಣ ಇನ್ನೊಂದು. ಫ್ರೆಂಚರು ಬರೆಯುವಂತೆ ನುಡಿಸುವುದಿಲ್ಲವೆಂದೂ ಅವನೇ ಒಪ್ಪಿಕೊಂಡಿದ್ದಾನೆ. ಸಮವಾಗಿ ಬರೆದ ಸ್ವರಗಳ ಜೋಡಿಯನ್ನು ಅವರು ಒಂದನ್ನು ತುಸು ಉದ್ದ, ಒಂದನ್ನು ತುಸು ಮೊಟಕು ಮಾಡಿ ನುಡಿಸುತ್ತಿದ್ದರು. ಎಷ್ಟು ಉದ್ದ, ಎಷ್ಟು ಮೊಟಕು? ಅದನ್ನು ಹಾಳೆ ಹೇಳದು.

ನೀವೇ ಮಾಡಬಹುದಾದ ಪ್ರಯೋಗ

ಒಂದು ಗಟ್ಟಿ ದಾರ, ಒಂದು ಸಣ್ಣ ಗುಂಡು, ಒಂದು ಅಳತೆಪಟ್ಟಿ ಸಾಕು. ದಾರವನ್ನು ಕಟ್ಟಿದ ಬಿಂದುವಿನಿಂದ ಗುಂಡಿನ ಮಧ್ಯದವರೆಗೆ ಸುಮಾರು ೯೯ ಸೆಂಟಿಮೀಟರ್ ಇದ್ದರೆ ಲೋಲಕ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ಒಂದು ಸೆಕೆಂಡು. ಎಂದರೆ ನಿಮಿಷಕ್ಕೆ ೬೦ ಎಣಿಕೆ. ೫೬ ಸೆಂಟಿಮೀಟರ್ ಇದ್ದರೆ ೮೦. ೩೯ ಇದ್ದರೆ ೯೬. ೨೫ ಇದ್ದರೆ ೧೨೦. ತೂಗುವ ಅಗಲ ಚಿಕ್ಕದಾಗಿರಲಿ. ಈಗ ನಿಮಗೆ ಚೆನ್ನಾಗಿ ಬರುವ ಯಾವುದಾದರೂ ಒಂದು ಸಾಲನ್ನು ಈ ನಾಲ್ಕು ಗತಿಗಳಲ್ಲಿ, ಶ್ರುತಿಯನ್ನು ಬದಲಿಸದೆ, ಹಾಡಿರಿ. ಕೇಳುವ ಗೆಳೆಯರು ಪ್ರತಿಸಲವೂ ತಮಗೆ ತೋರಿದ ಭಾವವನ್ನು ಒಂದೇ ಮಾತಿನಲ್ಲಿ ಬರೆದಿಡಲಿ. ಒಬ್ಬರು ಬರೆದುದನ್ನು ಇನ್ನೊಬ್ಬರು ನೋಡಬಾರದು. ಬಳಿಕ ಗತಿಯನ್ನು ಒಂದೇ ಆಗಿಟ್ಟು ಶ್ರುತಿಯನ್ನು ಏರಿಸಿ ಇಳಿಸಿ ಹಾಡಿರಿ. ಎರಡು ಪಟ್ಟಿಗಳನ್ನು ಹೋಲಿಸಿದರೆ ಹೆವ್ನರಳ ಪ್ರಯೋಗವನ್ನು ನಿಮ್ಮ ಮನೆಯ ಜಗಲಿಯಲ್ಲಿಯೇ ಮಾಡಿದಂತಾಗುತ್ತದೆ.

ಒಂದು ಸೂಕ್ಷ್ಮವನ್ನೂ ಗಮನಿಸಿರಿ. ಪ್ಯಾರಿಸಿನ ಲೋಲಕವನ್ನು ಬೆಂಗಳೂರಿಗೆ ತಂದರೆ ಅದು ಸ್ವಲ್ಪ ನಿಧಾನವಾಗಿ ತೂಗುತ್ತದೆ. ಗುರುತ್ವವೇಗೋತ್ಕರ್ಷ ಅಲ್ಲಿ ೯.೮೧, ಇಲ್ಲಿ ೯.೭೮. ಇಂಥ ವ್ಯತ್ಯಾಸವನ್ನು ಮೊದಲು ಕಂಡವನು ೧೬೭೨ರಲ್ಲಿ ಸಮಭಾಜಕದ ಬಳಿಯ ಕಯೆನ್ನಿಗೆ ಹೋಗಿದ್ದ ಫ್ರಾನ್ಸಿನ ರಿಶೆ. ಆದರೆ ಭಯಪಡಬೇಕಾಗಿಲ್ಲ; ಹದಿನಾರು ನಿಮಿಷಗಳ ಫೋಲಿಯ ಇದರಿಂದ ಒಂದೂವರೆ ಸೆಕೆಂಡು ಮಾತ್ರ ತಡವಾಗುತ್ತದೆ.

ಕೊನೆಯ ಮಾತು

ಹದಿನೆಂಟನೆಯ ಶತಮಾನದಲ್ಲಿ ಸಭೆಗಳು ದೊಡ್ಡವಾದುವು. ಗಟ್ಟಿ ನಾದದ ಪಿಟೀಲೂ ಚೆಲ್ಲೋವೂ ಮುಂದೆ ಬಂದುವು. ೧೭೪೦ರಲ್ಲಿ ಯುಬೇರ್ ಲ ಬ್ಲಾಂ ಎಂಬಾತ ವಿಯೋಲದ ಪರವಾಗಿ ಒಂದು ಪುಸ್ತಕವನ್ನೇ ಬರೆದು ವಾದಿಸಿದರೂ ಪ್ರಯೋ­ಜನವಾಗಲಿಲ್ಲ. ಕೊನೆಯ ಮಹಾವಾದಕರಲ್ಲಿ ಒಬ್ಬನಾದ ಆಬೆಲ್ ೧೭೮೭ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡನು. ಮೇಲ್ಟ್ಸೆಲ್ ತನ್ನ ಮೆಟ್ರೊನೋಮಿಗೆ ೧೮೧೫ರಲ್ಲಿ ಹಕ್ಕುಪತ್ರ ಪಡೆಯುವ ಹೊತ್ತಿಗೆ ಮಾರೇಯ ಗತಿಯನ್ನು ಅಳೆದು ಹೇಳಬಲ್ಲ ಕೈಗಳು ಉಳಿದಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಡೊಲ್ಮೆಚ್ ಮೊದಲಾದವರು ಧೂಳು ಹಿಡಿದ ವಿಯೋಲಗಳನ್ನು ಮತ್ತೆ ಕೈಗೆತ್ತಿಕೊಂಡರು. ೧೯೯೧ರಲ್ಲಿ ಮಾರೇಯನ್ನೂ ಅವನ ಗುರುವನ್ನೂ ಕುರಿತ ಒಂದು ಫ್ರೆಂಚ್ ಚಲನಚಿತ್ರ ಬಂದ ಮೇಲಂತೂ ಜಗತ್ತಿನ ಮೂಲೆಮೂಲೆಗಳಲ್ಲಿ ಅವನ ಸಂಗೀತ ಕೇಳಿಬಂದಿತು. ಆದರೆ ನಡುವೆ ಕಡಿದುಹೋದ ಎಳೆಯನ್ನು ಯಾರೂ ಗಂಟುಹಾಕಲಾರರು. ತಂತಿಯ ಉದ್ದ ಉಳಿಯಿತು, ಮೆಟ್ಟಿಲ ಸ್ಥಾನ ಉಳಿಯಿತು, ಸ್ವರಗಳೆಲ್ಲವೂ ಉಳಿದುವು. ಅವುಗಳ ನಡುವಿನ ಬಿಡುವು ಎಷ್ಟೆಂಬುದು ಮಾತ್ರ ಅದನ್ನು ಬಲ್ಲವರೊಡನೆ ಹೋಯಿತು.

ಇಷ್ಟನ್ನು ವಿವರಿಸಿದ ಮೇಲೆ ಆ ವಿದ್ಯಾರ್ಥಿನಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಮರುದಿನ ಪ್ರಯೋಗಶಾಲೆಗೆ ಬಂದು ಲೋಲಕವನ್ನು ಎರವಲು ಕೇಳಿದಳು. ಏತಕ್ಕೆಂದು ನಾನು ವಿಚಾರಿಸಿದೆ. ಅವಳ ವೀಣೆಯ ಗುರುಗಳಿಗೆ ಎಂಬತ್ತು ದಾಟಿದೆಯಂತೆ. ಅವರು ಒಂದೊಂದು ಕೃತಿಯನ್ನೂ ನುಡಿಸುವಾಗ ಪಕ್ಕದಲ್ಲಿ ಲೋಲಕವನ್ನು ತೂಗಿಬಿಟ್ಟು, ದಾರದ ಉದ್ದವನ್ನು ಪುಸ್ತಕದ ಅಂಚಿನಲ್ಲಿ ಬರೆದಿಡಬೇಕೆಂದು ಅವಳ ಯೋಚನೆ. ಧ್ವನಿಮುದ್ರಣಯಂತ್ರ ಇರುವಾಗ ಇದೇಕೆ ಎಂದು ಕೇಳಬೇಕೆಂದುಕೊಂಡೆ, ಕೇಳಲಿಲ್ಲ. ಒಂದು ಕೃತಿಯನ್ನು ಗುರುಗಳು ಒಂದು ದಿನ ಹೀಗೆ ನುಡಿಸಿದರು ಎಂಬುದನ್ನು ಯಂತ್ರ ಹೇಳುತ್ತದೆ. ಹತ್ತು ದಿನ ನುಡಿಸಿದಾಗ ದಾರ ಎಷ್ಟರಿಂದ ಎಷ್ಟಕ್ಕೆ ಬದಲಾಯಿತು, ಅವರು ಯಾವ ಎಲ್ಲೆಯನ್ನು ಎಂದೂ ದಾಟಲಿಲ್ಲ ಎಂಬುದು ಅವಳ ಪುಸ್ತಕದ ಅಂಚಿನಲ್ಲಿ ಇರುತ್ತದೆ. ಮಾರೇಯ ಶಿಷ್ಯರಲ್ಲಿ ಒಬ್ಬನಾದರೂ ಹೀಗೆ ಮಾಡಿದ್ದರೆ!

ಲೋಲಕವನ್ನು ಕೊಟ್ಟೆ. ಒಂದು ತೂಗು ಎಂದರೆ ಹೋಗುವುದೋ, ಹೋಗಿ ಮರಳುವುದೋ ಎಂಬುದನ್ನು ಮೊದಲ ಪುಟದಲ್ಲಿಯೇ ಬರೆಯಬೇಕೆಂದು ಮಾತ್ರ ಹೇಳಿದೆ.